ಹಂಡೆ ಕಾದಿದೆ, ನೀರು ಮಾತ್ರ ತಣ್ಣಗೆ!

ಬಚ್ಚಲೊಲೆಯ ಹಂಡೆ ಕಾಯದಿದ್ದರೆ ಕಾರಣ ಹುಡುಕುವುದು ಕಷ್ಟವಲ್ಲ. ಬಗ್ಗಿ ನೋಡಿದರೆ ಉರಿ ಆರಿರುತ್ತದೆ, ಇಲ್ಲವೇ ಸೌದೆ ಹಸಿಯಿರುತ್ತದೆ. ಅಮೆರಿಕದವರು ಆರ್‌ವಿ ಎಂದು ಕರೆಯುವ, ಅಡುಗೆಮನೆ, ಬಚ್ಚಲು, ಹಾಸಿಗೆ ಎಲ್ಲವೂ ಒಳಗೇ ಇರುವ ಮನೆಬಂಡಿಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಹಂಡೆ ಗೋಡೆಯ ಹಿಂದೆ ಅಡಗಿ ಕೂತಿರುತ್ತದೆ. ಬಹುಮಟ್ಟಿಗೆ 6 ಗ್ಯಾಲನ್, ಅಂದರೆ ಸುಮಾರು 23 ಲೀಟರ್ ಹಿಡಿಯುವಂಥದು. ಗ್ಯಾಸಿನಿಂದಲೋ ಕರೆಂಟಿನಿಂದಲೋ ಕಾಯುತ್ತದೆ.

ಅಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ, ಊರಿನಿಂದ ಬಂದ ಅಪ್ಪ ಅಮ್ಮನನ್ನು ಸ್ನೇಹಿತರ ಹಳೆಯ ಬಂಡಿಯಲ್ಲಿ ಸುತ್ತಾಡಿಸಲು ಹೊರಟ. ಮೊದಲ ಬೆಳಿಗ್ಗೆಯೇ ನಲ್ಲಿಯಲ್ಲಿ ಬಂದದ್ದು ಉಗುರುಬೆಚ್ಚಗಿನ ನೀರು. ಮಂಡಿನೋವಿನ ಅಮ್ಮ "ಪರವಾಗಿಲ್ಲ ಬಿಡೋ" ಎಂದು ಅದರಲ್ಲೇ ಸ್ನಾನ ಮುಗಿಸಿ, ಶಾಲು ಹೊದ್ದು ಕೂತರು. ಈ 'ಪರವಾಗಿಲ್ಲ' ಚುಚ್ಚುವಷ್ಟು ಬೈಗುಳವೂ ಚುಚ್ಚುವುದಿಲ್ಲ. ಕಾಯಿಲ್ ಸುಟ್ಟಿದೆ ಎಂದು ತೀರ್ಮಾನಿಸಿದ ಹುಡುಗ ಸ್ಪ್ಯಾನರ್ ಹಿಡಿದು ಬಿಚ್ಚಲು ಎದ್ದ.

"ನೀರು ಕಾದೇ ಇಲ್ಲವೋ, ಕಾದ ನೀರಿಗೆ ಎಲ್ಲೋ ತಣ್ಣೀರು ಬೆರೀತಿದೆಯೋ? ಮೊದಲು ಅದನ್ನ ನೋಡಪ್ಪಾ" ಎಂದರು ಅಪ್ಪ.

ಕಾಲೇಜಿನ ಮೆಟ್ಟಿಲು ಹತ್ತದವರ ಪ್ರಶ್ನೆ. ಆದರೆ ಪರೀಕ್ಷೆ ಶುರುವಾಗಬೇಕಾದ್ದು ಅಲ್ಲಿಂದಲೇ. ಹೀಟರ್ ಆರಿಸಿ, ಹಂಡೆಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತಿರುಗಿಸಬೇಕು. ಸ್ವಲ್ಪ ಹೊತ್ತಿನಲ್ಲಿ ನೀರು ನಿಂತರೆ ದೋಷ ಹೀಟರಿನದೇ ಇರಬಹುದು. ನಿಲ್ಲದೆ ಹರಿದರೆ, ತಣ್ಣೀರು ಹಂಡೆಯನ್ನು ತಪ್ಪಿಸಿ ಕಳ್ಳದಾರಿಯಲ್ಲಿ ಬರುತ್ತಿದೆ ಎಂದರ್ಥ.

ಇಲ್ಲಿ ಹರಿಯುತ್ತಲೇ ಇತ್ತು!

ಹಂಡೆಯಲ್ಲಿದ್ದದ್ದು ಒತ್ತಡದಲ್ಲಿ ಕಾದ ನೀರು. ಇಂಥವುಗಳಲ್ಲಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯುವುದುಂಟು. ಆರಲು ಬಿಡದೆ, ಒತ್ತಡ ಇಳಿಸದೆ ಕಾಯಿಲ್ ಬಿಚ್ಚಿದ್ದರೆ ಹುಡುಗನ ಮುಖಕ್ಕೇ ಸಿಡಿಯುತ್ತಿತ್ತು.

ಮೊದಲ ಗುಮಾನಿ ಬೈಪಾಸ್ ಮೇಲೆ. ಚಳಿಗಾಲದಲ್ಲಿ ಕೊಳವೆ ಒಡೆಯದಿರಲೆಂದು ಹೆಪ್ಪುಗಟ್ಟದ ದ್ರಾವಣ ತುಂಬುತ್ತಾರೆ. ಖಾಲಿ ಮಾಡಿದ ಹಂಡೆಯೊಳಗೆ ಅದು ಹೋಗದಂತೆ ಬೈಪಾಸ್ ತೆರೆಯುತ್ತಾರೆ. ಆಮೇಲೆ ಮುಚ್ಚುವುದು ಮರೆತರೆ ನೀರು ಬಿಸಿಯಾಗದು. (ಹಂಡೆ ಖಾಲಿಯಿರುವಾಗ ಕರೆಂಟ್ ಹಾಕಿದರಂತೂ ಕಾಯಿಲ್ ಸುಟ್ಟೇ ಹೋಗುತ್ತದೆ.) ಇಲ್ಲಿ ಅದು ಸರಿಯಾಗಿ ಮುಚ್ಚಿತ್ತು.

ಉಳಿದದ್ದು ಬಂಡಿಯ ಹೊರಮೈಯಲ್ಲಿ ಕಾಲು ತೊಳೆಯಲೆಂದು ಇಟ್ಟ ಕೈಶವರ್. ಅದರ ಹಿಡಿಯ ಗುಂಡಿಯನ್ನಷ್ಟೇ ಮುಚ್ಚಿ ಬಿಸಿ, ತಣ್ಣೀರಿನ ಎರಡೂ ನಲ್ಲಿಗಳನ್ನು ತೆರೆದೇ ಬಿಟ್ಟರೆ, ತಣ್ಣೀರು ಅಲ್ಲಿಂದ ಬಿಸಿನೀರಿನ ಕೊಳವೆಗೆ ನುಗ್ಗುತ್ತದೆ. ಹೊರಗೆ ಒಂದು ಹನಿಯೂ ತೊಟ್ಟಿಕ್ಕುವುದಿಲ್ಲ.

ಹಿಂದಿನ ಸಂಜೆ ಅಲ್ಲಿ ಕಾಲಿನ ಕೆಸರು ತೊಳೆದವರು ಅಪ್ಪನೇ. ಹುಡುಗ ಏನೂ ಹೇಳದೆ ಎರಡೂ ನಲ್ಲಿ ಮುಚ್ಚಿ, ವಾಲ್ವ್ ತೆರೆದು, ಹೀಟರ್ ಹಾಕಿದ. ಅಮ್ಮ ಎರಡನೆಯ ಸಲ ಸ್ನಾನಕ್ಕೆ ಹೋದರು. 23 ಲೀಟರ್ ಮುಗಿಯುವ ತನಕ ಹೊರಗೆ ಬರಲಿಲ್ಲ.