ತಮ್ಮ ಮಲಗೋ ಜಾಗ

ಮೈಸೂರಿನ ಜಯಲಕ್ಷ್ಮಿಪುರಂನ ನಮ್ಮ ಮನೆಯಲ್ಲಿ ತಮ್ಮನ ಮಂಚ ಖಾಲಿಯಾಗಿ ಎರಡು ವರ್ಷ ಆಯ್ತು. ನೌಕಾಪಡೆ ಸೇರಿದ ಮೇಲೆ ಫೋನ್‌ನಲ್ಲಿ ಅವನದ್ದು ಒಂದೇ ಮಾತು, ‘ಚೆನ್ನಾಗಿದೀನಮ್ಮ.’ ಅಮ್ಮನಿಗೆ ಬೇಕಿರೋದು ಹಡಗಿನ ಗುಟ್ಟಲ್ಲ, ಮಗ ಕಾಲು ಚಾಚಿ ಮಲಗ್ತಾನಾ ಅನ್ನೋದಷ್ಟೇ.

ಕಳೆದ ತಿಂಗಳು ಗೋಕರ್ಣಕ್ಕೆ ಹೋದವಳು ಅದಕ್ಕೇ ಕಾರವಾರಕ್ಕೂ ಹೋದೆ. ಅಲ್ಲಿ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ನಿಂತಿದೆ. 1976ರಲ್ಲಿ ಸೇವೆಗೆ ಸೇರಿ 2005ರಲ್ಲಿ ನಿವೃತ್ತಿಯಾದ ಕ್ಷಿಪಣಿ ದೋಣಿ, ಈಗ ಮ್ಯೂಸಿಯಂ. (1971ರ ಯುದ್ಧದಲ್ಲಿ ಇದೇ ಕರಾಚಿಗೆ ನುಗ್ಗಿದ್ದು ಅನ್ನೋರಿದ್ದಾರೆ. ಅದು ಇದರ ಅಕ್ಕಂದಿರ ಕೆಲಸ, ಇದಿನ್ನೂ ಹುಟ್ಟೇ ಇರಲಿಲ್ಲ!)

ಉದ್ದ ಬರೀ 38 ಮೀಟರ್ ಚಿಲ್ಲರೆ. ಅದರಲ್ಲೇ ಕ್ಷಿಪಣಿ, ಎಂಜಿನ್, ಅಡುಗೆಮನೆ, ಜೊತೆಗೆ ಸುಮಾರು 30 ಜನ. ಕಡಿದಾದ ಏಣಿ ಇಳಿಯುವಾಗ ತಲೆಗೆ ಒಂದು ಪೆಟ್ಟು ತಿಂದೆ. ಓಣಿಯಲ್ಲಿ ಎದುರಿಗೆ ಬಂದವರಿಗೆ ಗೋಡೆಗೆ ಒರಗಿ ದಾರಿ ಬಿಡಬೇಕು. ಮಲಗೋ ಜಾಗ? ರೈಲಿನ ಅಪ್ಪರ್ ಬರ್ತ್‌ನಲ್ಲಿ ಕತ್ತು ಬಗ್ಗಿಸಿ ಕೂತವರಿಗೆ ಅಂದಾಜು ಸಿಗುತ್ತೆ. ನಿಂತ ಹಡಗಲ್ಲೇ ನನಗೆ ಉಸಿರು ಕಟ್ಟಿದ ಹಾಗಾಯ್ತು. ಡೀಸೆಲ್ ಎಂಜಿನ್ ಗುಡುಗುತ್ತಾ, ನೆಲವೇ ಹೊಯ್ದಾಡುವಾಗ ಹೇಗೋ!

ಈಗಿನ ದೊಡ್ಡ ಹಡಗುಗಳ ಕಥೆ ಬೇರೆ. ಕಾರವಾರದ ಕದಂಬ ನೌಕಾನೆಲೆಯಲ್ಲೇ ಇರುವ ವಿಕ್ರಮಾದಿತ್ಯ 284 ಮೀಟರ್ ಉದ್ದ. ಅದರಲ್ಲಿ 1,600ಕ್ಕೂ ಹೆಚ್ಚು ಜನ, ತಿಂಗಳಿಗೆ ಹತ್ತಿರ ಹತ್ತಿರ ಒಂದು ಲಕ್ಷ ಮೊಟ್ಟೆ, 16 ಟನ್ ಅಕ್ಕಿ ಬೇಕಂತೆ. ಆದ್ರೆ ಜನ ಜಾಸ್ತಿ ಇರೋದ್ರಿಂದ ನಾವಿಕರಿಗೆ ಅಲ್ಲೂ ಒಂದರ ಮೇಲೊಂದು ಬಂಕೇ ಗತಿ. ನಿದ್ದೆಯೂ ತುಂಡು ತುಂಡು. ಸಾಮಾನ್ಯವಾಗಿ ನಾಲ್ಕು ಗಂಟೆಗೊಂದು ಪಾಳಿ, ನಡುರಾತ್ರಿಯಾದರೂ ಎದ್ದು ಹೋಗಬೇಕು. ಕೆಲವು ಸಬ್‌ಮರೀನ್‌ಗಳಲ್ಲಂತೂ ಒಬ್ಬ ಎದ್ದ ಬಿಸಿ ಹಾಸಿಗೆಯಲ್ಲೇ ಇನ್ನೊಬ್ಬ ಮಲಗೋದು.

ಸ್ಲೀಪರ್ ಬಸ್ ಇಕ್ಕಟ್ಟು ಅಂತ ಒಂದು ಸ್ಟಾರ್ ಕೊಟ್ಟವಳು ನಾನು. ವಾಪಸ್ ಬರುವಾಗ ಸುಮ್ಮನೆ ಮಲಗಿದೆ.

ಮನೆಗೆ ಬಂದು ಅಮ್ಮನಿಗೆ ವಿವರಿಸಿದೆ. ‘ಅದು ಹಳೇ ದೋಣಿ ಅಮ್ಮ, ಅವನದ್ದು ಹೊಸ ಹಡಗು’ ಅಂತ ಎರಡು ಸಲ ಹೇಳಿದೆ. ‘ನಿದ್ದೇಲಿ ಹೊರಳಿದ್ರೆ ಬೀಳಲ್ವಾ?’ ಅಂದ್ರು. ಭಾನುವಾರ ತಮ್ಮನಿಗೆ ಅದನ್ನೇ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ‘ಪಕ್ಕದಲ್ಲಿ ಕಂಬಿ ಇರುತ್ತೆ ಅಕ್ಕ. ಮೊದಲ ತಿಂಗಳು ಅದನ್ನೇ ಹಿಡ್ಕೊಂಡು ಮಲಗ್ತಿದ್ದೆ. ಅಮ್ಮಂಗೆ ಹೇಳ್ಬೇಡ’ ಅಂದ.

ಫೋನ್ ಸ್ಪೀಕರ್‌ನಲ್ಲಿತ್ತು. ಅಮ್ಮ ಅವನಿಗೆ ಕಳಿಸೋಕೆ ಅಂತ ತೆಗೆದಿಟ್ಟಿದ್ದ ಡಬಲ್ ಬೆಡ್‌ಶೀಟ್ ಬೀರುವಿಗೆ ವಾಪಸ್ ಇಟ್ಟು, ಸಿಂಗಲ್ ಹುಡುಕೋಕೆ ಶುರು ಮಾಡಿದ್ರು.