ಬಿಸಿಲೂರಿನ ಅರವಟ್ಟಿಗೆ

ಬಳ್ಳಾರಿಯ ಬಿಸಿಲನ್ನು ಉಂಡವರೇ ಬಲ್ಲರು. ಏಪ್ರಿಲ್ ಬಂತೆಂದರೆ ಕೋಟೆಯ ಗುಡ್ಡ ಹಗಲೆಲ್ಲ ಕಾದು, ರಾತ್ರಿಯೂ ಊರಿನ ಮೇಲೆ ಝಳ ಬೀರುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ಕುರುಗೋಡಿಗೆ ಹೊರಟವನು ಬಸ್ಸು ಹತ್ತುವ ಮುನ್ನ ರಸ್ತೆ ಬದಿಯ ಅರವಟ್ಟಿಗೆಯ ಮುಂದೆ ನಿಂತೆ. ತಟ್ಟಿಯ ನೆರಳು, ಮರಳಿನ ಮೇಲೆ ಮೂರು ಮಣ್ಣಿನ ಕೊಡ, ಪಕ್ಕದಲ್ಲೊಬ್ಬ ಅಜ್ಜ.

ವಿಜ್ಞಾನದ ಮೇಷ್ಟರಿಗೆ ಕೊಡ ಕಂಡರೆ ಪಾಠ ನೆನಪಾಗುತ್ತದೆ. ಜಿನುಗಿದ ನೀರು ಆವಿಯಾಗಲು ಗ್ರಾಮಿಗೆ ಸುಮಾರು 580 ಕ್ಯಾಲೊರಿ ಶಾಖ ಹೀರುತ್ತದೆ. ಒಳಗಿನ ನೀರು ತಣ್ಣಗಾಗುತ್ತದೆ. ಆದರೆ ಅಜ್ಜ ಇಲ್ಲೇಕೆ ಕೂತಿದ್ದಾನೆ? ಬಂಧುಗಳಿಗೆ ನೆರವಾಗುವ ಗುಣ ಜೀವವಿಕಾಸದಲ್ಲಿ ಹೇಗೆ ಉಳಿಯಿತೆಂದು ಹ್ಯಾಮಿಲ್ಟನ್ 1964ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಬಂಧುಗಳಲ್ಲದವರ ನಡುವಿನ ಕೊಡು-ಕೊಳ್ಳುವಿಕೆಯನ್ನು ಟ್ರಿವರ್ಸ್ 1971ರಲ್ಲಿ ವಿವರಿಸಿದರು. ನೀರು ಕುಡಿದು ಬಸ್ಸು ಹತ್ತುವವನು ಬಂಧುವೂ ಅಲ್ಲ, ತಿರುಗಿ ಬರುವವನೂ ಅಲ್ಲ.

“ಯಾಕಜ್ಜಾ ಈ ಕೆಲಸ?” ಎಂದೆ.

“ಹಮಾಲಿ ಮಾಡ್ತಿದ್ದೆ ಸಾರ್. ಒಂದಿನ ಬಿಸಿಲಿಗೆ ಬಿದ್ದೆ. ನೀರು ಕೊಟ್ಟೋರ ಮುಖ ನೆನಪಿಲ್ಲ. ಯಾರಿಗಂತ ತೀರಿಸ್ಲಿ? ಬಂದೋರಿಗೆ ಕೊಡ್ತೀನಿ.”

ಕುರುಗೋಡಿನ ದೊಡ್ಡಬಸವೇಶ್ವರನ ಏಕಶಿಲಾ ಮೂರ್ತಿಯೆದುರು ಕುಳಿತಾಗಲೂ ಅದೇ ಮಾತು ಕಾಡಿತು. ಅರವಟ್ಟಿಗೆಗೆಂದು ದತ್ತಿ ಬಿಟ್ಟ ಸಂಗತಿ ನಮ್ಮ ಹಳೆಯ ಶಾಸನಗಳಲ್ಲಿದೆ. ದತ್ತಿ ಬಿಟ್ಟವರ ಹೆಸರು ಕಲ್ಲಿನಲ್ಲಿ ಉಳಿಯಿತು. ನೀರು ಹೊಯ್ದ ಕೈಗಳ ಹೆಸರು ಯಾರಿಗೆ ಗೊತ್ತು?

ಅಲ್ಲಿಂದ ಸಿರುಗುಪ್ಪಕ್ಕೆ ಹೋದೆ. ಭತ್ತದ ಗದ್ದೆಗಳು ಕಣ್ಣಿಗೆ ಬೀಳುತ್ತಲೇ ಹಳೆಯದೊಂದು ನೆನಪು ಚುಚ್ಚಿತು. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ, ಹಗರಿ ಉಕ್ಕಿ ಈ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದಾಗ ನಮ್ಮ ಶಾಲೆಯಲ್ಲಿ ರೊಟ್ಟಿ ಕೂಡಿಸಿದ್ದೆವು. ತಂದವರಿಗೆ ಪ್ರಮಾಣಪತ್ರ ಕೊಡುವುದಾಗಿ ನಾನೇ ಸಾರಿ, ಹೆಸರು ಬರೆಯುತ್ತ ಕೂತಿದ್ದೆ. ಹಾಗೆ ಆಸೆ ತೋರಿಸದಿದ್ದರೆ ಮಕ್ಕಳು ತರುವುದಿಲ್ಲವೆಂದು ನನ್ನ ಎಣಿಕೆ. ಒಬ್ಬ ಹುಡುಗ ಗಂಟು ಇಟ್ಟು ಹೊರಟೇಬಿಟ್ಟ. ಕರೆದು ಹೆಸರು ಕೇಳಿದೆ.

“ಅವ್ವ ಕೊಟ್ಟು ಬಾ ಅಂದಾಳ ಸಾರ್, ಹೆಸರು ಹೇಳು ಅಂದಿಲ್ಲ.”

ಗಂಟು ಬಿಚ್ಚಿದರೆ ನಾಲ್ಕೇ ರೊಟ್ಟಿ. ಅವರ ಮನೆಯ ಸ್ಥಿತಿ ನನಗೆ ಗೊತ್ತಿತ್ತು. ನಾಚಿಕೆಯಾಯಿತು. ಆದರೂ ಪ್ರಮಾಣಪತ್ರ ಹಂಚುವುದನ್ನು ನಾನು ನಿಲ್ಲಿಸಲಿಲ್ಲ.

ಸಂಜೆ ಬಳ್ಳಾರಿಗೆ ಮರಳಿದಾಗ ಅಜ್ಜ ಇನ್ನೂ ಅಲ್ಲೇ ಇದ್ದ. “ಸಾರ್, ಒಂಚೂರು ಕೂತಿರ್ತೀರಾ? ಉಂಡು ಬರ್ತೀನಿ” ಎಂದು ತಂಬಿಗೆ ನನ್ನ ಕೈಗಿತ್ತ. ಅರ್ಧ ಗಂಟೆ ನೀರು ಹೊಯ್ದೆ. ಬಂದವರು ಬೊಗಸೆಯೊಡ್ಡಿ ಕುಡಿದು, ಮುಖ ಒರೆಸಿಕೊಂಡು ಹೋದರು. ಒಬ್ಬರೂ ನನ್ನ ಹೆಸರು ಕೇಳಲಿಲ್ಲ. ಹೇಳಬೇಕೆಂದು ನನಗೂ ಅನಿಸಲಿಲ್ಲ.