ಅಕುಶಲೋಪಾಖ್ಯಾನ

ನನ್ನ ಕೈಕೆಳಗೆ ಸದ್ಯಕ್ಕೆ 83 ಜನ ಕೆಲಸ ಮಾಡುತ್ತಿದ್ದಾರೆ. ಹೀಗೆಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಸೋರುವ ನಲ್ಲಿಗೆ ಒಂದು ವಾಷರ್ ಹಾಕಿಸಲು ಮೂರು ವಾರದಿಂದ ಪ್ಲಂಬರಿಗೆ ಫೋನು ಮಾಡಿ ಮಾಡಿ ಗಂಟಲು ಒಣಗಿಸಿಕೊಂಡವನು ನಾನೇ ಎಂಬುದು ಅವರಿಗೆಲ್ಲ ಗೊತ್ತು. ಆದರೆ ಇವರು ಬೇರೆ ಥರದ ಆಳುಗಳು. ಕುಳ್ಳರು, ಬೆಟ್ಟದ ಹೊಟ್ಟೆ ಬಗೆದು ಅದರೊಳಗೆ ಸಂಸಾರ ಹೂಡಿದವರು, ಒಂದು ಗುಟುಕು ಮದ್ಯವಿಲ್ಲದಿದ್ದರೆ ಕೈಕಾಲು ಆಡಿಸಲು ಬೇಸರಪಡುವವರು, ನನ್ನ ಪೂರ್ವಜನ್ಮದ ಸುಕೃತದಿಂದ ಮಗಳ ಹಳೆಯ ಲ್ಯಾಪ್‌ಟಾಪಿನೊಳಗೇ ವಾಸವಾಗಿರುವವರು.

ಆಟದ ಹೆಸರು ಡ್ವಾರ್ಫ್ ಫೋರ್ಟ್ರೆಸ್. ಟಾರ್ನ್ ಮತ್ತು ಝಾಕ್ ಆಡಮ್ಸ್ ಎಂಬ ಅಮೆರಿಕದ ಅಣ್ಣತಮ್ಮಂದಿರು 2002ರಲ್ಲಿ ಇದನ್ನು ಕಟ್ಟಲು ಕೂತರು, 2006ರಲ್ಲಿ ಪುಕ್ಕಟೆಯಾಗಿ ಜಗತ್ತಿಗೆ ಬಿಟ್ಟರು, ಇನ್ನೂ ಕಟ್ಟುತ್ತಲೇ ಇದ್ದಾರೆ. ನಮ್ಮ ಊರಿನ ದೇವಸ್ಥಾನದ ಗೋಪುರವೊಂದು ಬಿಟ್ಟರೆ ಇಷ್ಟು ಕಾಲ ನಡೆದ ಕಾಮಗಾರಿ ನಾನು ಕಂಡಿಲ್ಲ. ಮೊದಮೊದಲು ಚಿತ್ರವೇ ಇರಲಿಲ್ಲವಂತೆ. ಇಡೀ ಪರದೆಯ ಮೇಲೆ ಅಕ್ಷರಗಳು, ಚಿಹ್ನೆಗಳು. ಬೆಕ್ಕು ಅಂದರೆ ಒಂದು ಇಂಗ್ಲಿಷ್ ಸಿ ಅಕ್ಷರ, ಕುಳ್ಳ ಅಂದರೆ ಒಂದು ನಗುಮುಖ. ಆ ಅವತಾರದಲ್ಲೇ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ಇದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. 2022ರ ಡಿಸೆಂಬರಿನಲ್ಲಿ ಬಣ್ಣದ ಚಿತ್ರಗಳುಳ್ಳ ಆವೃತ್ತಿ ಮಾರಾಟಕ್ಕೆ ಬಂದಮೇಲಷ್ಟೇ ನನ್ನಂಥ ಮಂದಕಣ್ಣಿನವನಿಗೂ ಇದರೊಳಗೆ ಪ್ರವೇಶ ದೊರೆತದ್ದು.

ಆಟ ಶುರುವಾಗುವಾಗ ಏಳು ಜನ, ಒಂದು ಗಾಡಿ. ಈ ಏಳು ಜನ ಸಪ್ತರ್ಷಿಗಳಿದ್ದ ಹಾಗೆ. ಒಬ್ಬ ಅಗೆಯುತ್ತಾನೆ, ಒಬ್ಬಳು ಮರಗೆಲಸ ಬಲ್ಲಳು, ಇನ್ನೊಬ್ಬ ಭಟ್ಟಿ ಇಳಿಸುತ್ತಾನೆ. ತೊಂದರೆ ಆಮೇಲಿನದು. ಕೋಟೆ ಚೆನ್ನಾಗಿದೆಯಂತೆ ಎಂಬ ಸುದ್ದಿ ಹಬ್ಬಿದ್ದೇ ತಡ ವಲಸೆಯವರು ಗುಂಪು ಗುಂಪಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ನನಗೆ ಬೇಕಿರುವುದು ಕಮ್ಮಾರ, ವೈದ್ಯ. ಬರುವುದು ಗಿಣ್ಣು ಮಾಡುವವ, ಸಾಬೂನು ಮಾಡುವವಳು, ಮೀನು ಹೆಚ್ಚುವವ (ನನ್ನ ಬೆಟ್ಟದಲ್ಲಿ ಹೊಳೆಯೇ ಇಲ್ಲ), ಇವರ ಹಿಂದೆ ಯಾವ ವಿದ್ಯೆಯೂ ಬಾರದ ಒಂದು ಹಿಂಡು. ಶಾಸ್ತ್ರೀಯವಾಗಿ ಹೇಳಬೇಕೆಂದರೆ ಇವರು ಸರ್ವಕಲಾಶೂನ್ಯರು. ನಮ್ಮ ಕಡೆ ಇಂಥವರಿಗೆ ‘ಎತ್ತಿಡೋ ಕೆಲಸದವರು’ ಅನ್ನುತ್ತಾರೆ.

ಅನ್ನುತ್ತಾರೆ ಏನು ಬಂತು, ನನಗೇ ಅನ್ನುತ್ತಿದ್ದರು. ಅಜ್ಜನ ಮನೆಯಲ್ಲಿ ಅಡಿಕೆ ಕೊಯ್ಲೆಂದರೆ ತೋಟಕ್ಕೊಂದು ಸೈನ್ಯ ಇಳಿದ ಹಾಗೆ. ಕೊನೆಗಾರ ಮರದಿಂದ ಮರಕ್ಕೆ ದಾಟುತ್ತ ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಸಿದರೆ ಕೆಳಗಿನವನು ಅದನ್ನು ಮಗುವನ್ನು ಎತ್ತಿಕೊಂಡಂತೆ ಹಿಡಿಯುತ್ತಿದ್ದ. ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುವ ಹೆಂಗಸರ ಕೈ ಕಾಣುತ್ತಲೇ ಇರಲಿಲ್ಲ, ಸಿಪ್ಪೆಯ ರಾಶಿ ಮಾತ್ರ ಬೆಳೆಯುತ್ತಿತ್ತು. ಯಾರನ್ನು ಎಲ್ಲಿಗೆ ಹಾಕಬೇಕು, ಯಾವ ಇಬ್ಬರನ್ನು ಅಕ್ಕಪಕ್ಕ ಕೂರಿಸಿದರೆ ಬಾಯಿ ಓಡಿ ಕತ್ತಿ ನಿಲ್ಲುತ್ತದೆ, ಇದೆಲ್ಲ ಅಜ್ಜನ ತಲೆಯಲ್ಲಿತ್ತು. ಪುಸ್ತಕ ಇಲ್ಲ, ಪಟ್ಟಿ ಇಲ್ಲ. ನನಗೆ ಮಾತ್ರ ಎಲ್ಲಿಯೂ ಜಾಗ ಹೊಂದುತ್ತಿರಲಿಲ್ಲ. ಕಡೆಗೆ ಬೇಯಿಸಿದ ಅಡಿಕೆ ಹರವಿದ ಅಟ್ಟದ ಬುಡದಲ್ಲಿ ಕೂರಿಸಿ, “ಮಾಣಿ, ಇಲ್ಲಿಂದ ಏಳಬೇಡ. ಮೋಡ ಕಂಡರೆ ಕೂಗು, ಅಷ್ಟೇ” ಅಂದರು. ನಾನು ಏಳಲಿಲ್ಲ. ಕೈಯಲ್ಲಿ ಚಂದಮಾಮ ಇತ್ತು. ಮಳೆಹನಿ ಅದರ ಪುಟದ ಮೇಲೆ ಬಿದ್ದಾಗ, ಪುಸ್ತಕ ನೆನೆಯುತ್ತದಲ್ಲಾ ಎಂದು ಅಂಗಿಯೊಳಗೆ ಇಟ್ಟುಕೊಂಡು ಒಳಗೆ ಓಡಿದೆ. ಕೂಗುವುದು ಮರೆತೇಹೋಗಿತ್ತು. ಅಜ್ಜ ಬೈಯಲಿಲ್ಲ. ಮರುದಿನ ನನಗೊಂದು ಬುಟ್ಟಿ ಕೊಟ್ಟು ಉದುರಡಿಕೆ ಹೆಕ್ಕಲು ಕಳಿಸಿದರು. ಅದೇ ನನ್ನ ವೃತ್ತಿಜೀವನದ ಮೊದಲ ಹಿಂಬಡ್ತಿ.

ಎಲ್ಲಿದ್ದೆವು? ಹಾಂ, ವಲಸೆಯವರು. ಹೊಸಬನಾದ ನಾನು ಇವರನ್ನು ದಂಡಪಿಂಡಗಳೆಂದು ಬಗೆದು ಒಂದು ಗುಂಪನ್ನು ಹಾಗೆಯೇ ಸೈನ್ಯಕ್ಕೆ ತಳ್ಳಿದೆ. ಎಂಟು ಜನ, ಮೈಮೇಲೆ ಕವಚವಿಲ್ಲ, ಕೈಯಲ್ಲಿ ಸರಿಯಾದ ಕೊಡಲಿಯಿಲ್ಲ. ಗಾಬ್ಲಿನ್‌ಗಳೆಂಬ ಶತ್ರುಗಳು ಬಂದ ದಿನ ಏನಾಯಿತೆಂದು ಊಟದ ಹೊತ್ತಿನಲ್ಲಿ ಹೇಳಬಾರದು. ಆಮೇಲೆ ನೋಡುತ್ತೇನೆ, ಕೋಟೆಯೇ ನಿಂತುಹೋಗಿದೆ. ನನ್ನ ಮಹಾಶಿಲ್ಪಿ ಉಳಿ ಕೆಳಗಿಟ್ಟು ಕಲ್ಲು ಹೊರುತ್ತಿದ್ದಾನೆ. ಭಟ್ಟಿಯವನು ಖಾಲಿ ಪೀಪಾಯಿ ಹುಡುಕುತ್ತ ನಾಲ್ಕು ಅಂತಸ್ತು ಇಳಿದು ಹತ್ತುತ್ತಿದ್ದಾನೆ. ಎತ್ತಿ ಹಾಕುವವರಿಲ್ಲದ ಮಾಂಸ ಕೊಳೆತು ನೇರಳೆ ಬಣ್ಣದ ದುರ್ವಾಯು ಓಣಿ ತುಂಬ ಹಬ್ಬಿದೆ. ಅದರೊಳಗೆ ಹಾದುಹೋದವರೆಲ್ಲ ಮುನಿಸಿಕೊಂಡಿದ್ದಾರೆ. ಈ ಆಟದಲ್ಲಿ ಮುನಿಸು ಸಾಂಕ್ರಾಮಿಕ. ಒಬ್ಬ ಸಿಟ್ಟಿನಲ್ಲಿ ಇನ್ನೊಬ್ಬನಿಗೆ ಹೊಡೆದ, ಹೊಡೆಸಿಕೊಂಡವನು ಸತ್ತ, ಸತ್ತವನ ಗೆಳೆಯ ಕುರ್ಚಿ ಮುರಿದ, ಹೀಗೆ ಒಂದು ಚಳಿಗಾಲದಲ್ಲಿ ನನ್ನ ಸಾಮ್ರಾಜ್ಯ ಸಮಾಪ್ತಿಯಾಯಿತು. “ಸೋಲೋದೇ ಇದರ ಮಜಾ ಅಪ್ಪಾ, ಈ ಆಟದವರು ಹಾಗೇ ಹೇಳೋದು” ಎಂದು ಮಗಳು ಸಮಾಧಾನ ಹೇಳಿದಳು. ಮಜಾ ಅವಳಿಗೆ.

ಎರಡನೆಯ ಕೋಟೆಯಲ್ಲಿ ಬುದ್ಧಿ ಬಂತು. ಕುಶಲಿಗಳನ್ನು ಅವರವರ ಕಸುಬಿಗೆ ಕಟ್ಟಿಹಾಕಿ, ಹೊರುವ, ಗುಡಿಸುವ, ಹೂಳುವ ಕೆಲಸವನ್ನೆಲ್ಲ ಬಂದವರಿಗೆ ಬಿಟ್ಟೆ. ಉಗ್ರಾಣವನ್ನು ಕಾರ್ಯಾಗಾರದ ಮಗ್ಗುಲಿಗೇ ತಂದೆ, ಭಾರದ ಕಲ್ಲಿಗೆ ಒಂಟಿಚಕ್ರದ ಕೈಗಾಡಿ ಮಾಡಿಸಿದೆ. ಹಾಗಂತ ಇವರು ಹೇಳಿದ ಕೂಡಲೇ ಮಾಡುವ ಪೈಕಿ ಅಂದುಕೊಳ್ಳಬೇಡಿ. ಸೇತುವೆ ಎತ್ತುವ ಸನ್ನೆಯನ್ನು ತುರ್ತಾಗಿ ಎಳೆಯಿರಿ ಎಂದರೆ ಹೊರಡುವವನು ಸನ್ನೆಯ ಪಕ್ಕದಲ್ಲಿ ನಿಂತವನಲ್ಲ, ಪಾತಾಳದಲ್ಲಿ ಕುಡಿಯುತ್ತಿದ್ದವನು. ಕೆಲಸ ಕೈಬಿಟ್ಟರೆ ಕಾರಣ ಸಮೇತ ಪರದೆಯ ಮೇಲೆ ಪ್ರಕಟಣೆ ಬೇರೆ: ಇಂಥವಳು ಇಂಥ ಕೆಲಸ ರದ್ದು ಮಾಡಿದ್ದಾಳೆ, ಕಾರಣ: ಕೂಸನ್ನು ಹುಡುಕುತ್ತಿದ್ದಾಳೆ. ಇಷ್ಟು ಪ್ರಾಮಾಣಿಕವಾದ ರಜಾ ಅರ್ಜಿಯನ್ನು 30 ವರ್ಷದ ಕಚೇರಿ ಬದುಕಿನಲ್ಲಿ ನಾನು ಬರೆದದ್ದಿಲ್ಲ.

ಒಮ್ಮೊಮ್ಮೆ ಈ ಹೊರೆಯಾಳುಗಳಲ್ಲೇ ಒಬ್ಬನಿಗೆ ಏನೋ ಹೊಕ್ಕುಬಿಡುತ್ತದೆ. ಅನ್ನ ನೀರು ಬಿಟ್ಟು ಒಂದು ಕಾರ್ಯಾಗಾರ ಹಿಡಿದು, ಇಂಥ ಕಲ್ಲು, ಇಂಥ ಮೂಳೆ, ಇಂಥ ಮಣಿ ಬೇಕೆಂದು ಹಟ ಮಾಡುತ್ತಾನೆ. ಕೇಳಿದ್ದು ಸಿಗದಿದ್ದರೆ ಹುಚ್ಚು ಹಿಡಿದು ಸಾಯುತ್ತಾನೆ; ಸಿಕ್ಕರೆ ಲೋಕದಲ್ಲೊಂದೇ ಎನ್ನುವಂಥ ವಸ್ತು ಮಾಡಿ, ನಿನ್ನೆ ಕಸ ಹೊತ್ತವನು ಇವತ್ತು ದಂತಕಥೆಯ ಕುಶಲಿಯಾಗಿ ಹೊರಬರುತ್ತಾನೆ. ಆದರೆ ಅದರಲ್ಲೂ ಒಂದು ಬಗೆಯಿದೆ: ಮೈಮೇಲೆ ಬಂದು ಮಾಡಿದವನಿಗೆ ಇಳಿದ ಮೇಲೆ ಏನೂ ಬಾರದು. ನನ್ನ ಕೋಟೆಯಲ್ಲಿ ಹಾಗಾದವನೊಬ್ಬ ಆಮೆಚಿಪ್ಪಿನ ಅದ್ಭುತ ಉಂಗುರವೊಂದನ್ನು ಕಡೆದಿಟ್ಟು, ಏನೂ ನಡೆಯದವನಂತೆ ಹೋಗಿ ಮತ್ತೆ ಕಲ್ಲು ಹೊರತೊಡಗಿದ. ನನ್ನ 83 ಜನರಲ್ಲಿ ನನಗೆ ಅತಿ ಆಪ್ತ ಅವನೇ. ನಾನೂ ಕಾಲೇಜಿನ ಕೊನೆಯ ವರ್ಷ ಒಂದು ಕವನ ಬರೆದಿದ್ದೆ, ಬಹುಮಾನ ಬಂದಿತ್ತು.

ಮೊನ್ನೆ ಇವನು ಹೊರುತ್ತಿದ್ದ ಬಂಡೆಯನ್ನು ಓಣಿಯ ನಡುವೆ ಇಳಿಸಿ ಕುಡಿಯಲು ಹೋದದ್ದನ್ನು ಕಂಡು, ಎಲಾ ಇವನ ಎಂದು ಬೈಯುತ್ತಿರುವಾಗಲೇ ಒಳಗಿನಿಂದ ಕೂಗು ಬಂತು: “ರೀ, ಅಕ್ಕಿ ಮೂಟೆ ಬಂದಿದೆ, ಒಳಗಿಡ್ತೀರಾ?” ಆಟ ನಿಲ್ಲಿಸಿದೆ, 83 ಜನರೂ ಎತ್ತಿದ ಕಾಲು ಎತ್ತಿದಂತೆ ನಿಂತರು. ಬಾಗಿಲಿಂದ ಮೂಟೆ ಎಳೆದುಕೊಂಡು ಹಾಲಿನ ನಡುವಿನವರೆಗೆ ಬಂದಿದ್ದೆ, ಅಷ್ಟರಲ್ಲಿ ಅಡಿಗೆಮನೆಯಿಂದ ಫಿಲ್ಟರ್ ಕಾಫಿಯ ಘಮ ಬಂತು. ಆ ಮೂಟೆ ಇನ್ನೂ ಹಾಲಿನಲ್ಲೇ ಇದೆ. ಬರುವವರು ಸ್ವಲ್ಪ ಸುತ್ತಿಕೊಂಡು ಬನ್ನಿ.